ಗದ್ವಾಲಕ್ಕೆ ಫ್ರೀ, ಮಾನ್ವಿಗೆ ಇಲ್ಲ: ಫ್ರೀ ಬೇಸಿಕ್ಸ್ ಜಗಳದ ಕಥೆ

ಭಾಗ 1

2015ರ ಫೆಬ್ರವರಿ 10. ಅವತ್ತಿನಿಂದ ರಿಲಯನ್ಸ್ ಸಿಮ್ ಇದ್ದ ಗದ್ವಾಲದವರಿಗೆ ಫೇಸ್‌ಬುಕ್ ಫ್ರೀ. ಡೇಟಾ ಪ್ಯಾಕ್ ಬೇಡ, ಬ್ಯಾಲೆನ್ಸೂ ಬೇಡ. ಅದೇ ಕಂಪನಿಯ ಸಿಮ್ ಇದ್ದ ಮಾನ್ವಿಯವರಿಗೆ, ದೇವದುರ್ಗದವರಿಗೆ, ರಾಯಚೂರು ಸಿಟಿಯವರಿಗೆ ಏನೂ ಇಲ್ಲ.

ಯಾಕೆ? ಫೇಸ್‌ಬುಕ್ ಕಂಪನಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆ ಸೇರಿ 'ಇಂಟರ್ನೆಟ್ ಡಾಟ್ ಆರ್ಗ್' ಅನ್ನೋ ಆ್ಯಪ್ ತಂದಿತ್ತು. ಮೊದಲು ಕೊಟ್ಟದ್ದು ಆರೇ ರಾಜ್ಯಕ್ಕೆ: ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗುಜರಾತ್, ಕೇರಳ. ಪಟ್ಟಿ ಇನ್ನೊಮ್ಮೆ ಓದ್ರಿ. ನಮ್ಮ ಸುತ್ತಲಿನವರು ಹೆಚ್ಚುಕಡಿಮೆ ಎಲ್ಲರೂ ಇದ್ದಾರೆ. ಕರ್ನಾಟಕ ಇಲ್ಲ.

ಆ್ಯಪ್ ಇದ್ದ ಭಾಷೆಗಳು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಮರಾಠಿ. ಇಲ್ಲೂ ನಾವಿಲ್ಲ.

ಆಗ ನಾವು ನಾಲ್ಕನೇ ಕ್ಲಾಸು. ಇಂಥದೊಂದು ನಡೆದದ್ದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದ್ರೆ ಮುಂದಿನ ಒಂದು ವರ್ಷ ದೇಶದಲ್ಲಿ ಇದರ ಮೇಲೆ ಆದ ಜಗಳ ಇದೆಯಲ್ಲ, ಇವತ್ತು ನೀವು ಒಂದೇ ಪ್ಯಾಕಿನಲ್ಲಿ ಯಾವ ಸೈಟ್ ಬೇಕಾದ್ರೂ ತೆರೆಯೋದಕ್ಕೂ ಅದಕ್ಕೂ ಸಂಬಂಧ ಐತಿ. ಈ ಸೀರೀಸ್ ಅದರದ್ದು. ಭಾಗ ಜಾಸ್ತಿ ಆಗ್ತಾವ, ಸೇವ್ ಮಾಡಿಟ್ಕೊಳ್ರಿ.

ಭಾಗ 2

ಫೋಟೊದಲ್ಲಿರೋದು ದೇವಸೂಗೂರಿನ ಕೃಷ್ಣಾ ಸೇತುವೆ. ಆಚೆ ದಂಡೆ ತೆಲಂಗಾಣ.

ಗದ್ವಾಲ ಅಂದ್ರೆ ನಮಗೆ ಸೀರೆ ನೆನಪಾಗುತ್ತೆ. 1956ರವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲೂಕುಗಳೇ. ನಾವೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದೆವು. ಆ ವರ್ಷ ನವೆಂಬರ್ 1ಕ್ಕೆ ಭಾಷೆ ನೋಡಿ ರಾಜ್ಯ ಹಂಚಿದಾಗ ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲೂಕು ಆಂಧ್ರಕ್ಕೆ ಹೋದವು.

1990ರ ದಶಕದಲ್ಲಿ ಮೊಬೈಲ್ ಲೈಸೆನ್ಸ್ ಕೊಡುವಾಗ ಸರ್ಕಾರ ದೇಶವನ್ನು ಟೆಲಿಕಾಂ ಸರ್ಕಲ್ ಅಂತ ಭಾಗ ಮಾಡಿತು. ಹೆಚ್ಚಿನ ಕಡೆ ರಾಜ್ಯದ ಗಡಿಯೇ ಸರ್ಕಲ್ಲಿನ ಗಡಿ. ಹಾಗಾಗಿ 1956ರಲ್ಲಿ ಭಾಷೆಗೆ ಎಳೆದ ಗೆರೆ 2015ರಲ್ಲಿ ಯಾರ ಫೋನಿಗೆ ಫ್ರೀ, ಯಾರ ಫೋನಿಗೆ ಇಲ್ಲ ಅಂತ ಹೇಳಿತು. ಕನ್ನಡ ಮಾತಾಡ್ತೀವಿ ಅಂತ ಈಚೆ ಬಂದವರಿಗೆ ಕನ್ನಡದಲ್ಲಿ ಆ್ಯಪೇ ಇಲ್ಲ!

ಆಗಿನ ರೇಟೂ ಹೇಳಿಬಿಡ್ತೀನಿ. 3ಜಿಯಲ್ಲಿ 1 ಜಿಬಿಗೆ ಸುಮಾರು 250 ರೂಪಾಯಿ. ದಿನಕ್ಕಲ್ಲ, ತಿಂಗಳಿಗೆ 1 ಜಿಬಿ. ನಾವು ಈಗ ಊಟ ಮಾಡ್ತಾ ರೀಲ್ಸ್ ನೋಡಿ ಖಾಲಿ ಮಾಡೋದು ಅಷ್ಟು. ಅಂಥ ಕಾಲದಲ್ಲಿ 'ಫ್ರೀ' ಅನ್ನೋ ಮಾತಿಗೆ ಎಷ್ಟು ತೂಕ ಇತ್ತು ಅಂತ ಮೊದಲು ತಿಳ್ಕೊಬೇಕು. ಇಲ್ಲಾಂದ್ರೆ ಈ ಆ್ಯಪನ್ನು ಬೇಡ ಅಂದವರೆಲ್ಲ ಬುದ್ಧಿವಂತರು, ಬೇಕು ಅಂದವರೆಲ್ಲ ಮೋಸ ಹೋದವರು ಅಂತ ಕಾಣಿಸುತ್ತೆ.

ಭಾಗ 3

ಹಾಗಾದ್ರೆ ಫ್ರೀ ಕೊಟ್ರೆ ತಪ್ಪೇನು?

ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ಈಗ ಶಕ್ತಿ ಯೋಜನೆ ಇದೆ. ನಿಮ್ಮ ಅವ್ವ ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಿದ್ರೆ ಸಿಂಧನೂರಿಗೂ ಹೋಗಬಹುದು, ಲಿಂಗಸುಗೂರಿಗೂ ಹೋಗಬಹುದು, ಎಲ್ಲಿ ಇಳೀಬೇಕು ಅಂತ ಆಕೆಯೇ ಹೇಳ್ತಾಳೆ. ಇನ್ನೊಂದು ಥರದ ಫ್ರೀ ಬಸ್ ಊಹಿಸ್ಕೊಳ್ರಿ. ರಾಯಚೂರಿನ ಒಂದು ದೊಡ್ಡ ಬಟ್ಟೆ ಅಂಗಡಿಯವನು ಊರಿಗೆ ವ್ಯಾನ್ ಕಳಿಸ್ತಾನೆ. ಟಿಕೆಟ್ ಇಲ್ಲ. ಆದ್ರೆ ಆ ವ್ಯಾನ್ ನಿಲ್ಲೋದು ಅವನ ಅಂಗಡಿ ಮುಂದೆ, ಅವನು ಒಪ್ಪಿದ ಇನ್ನೊಂದಿಷ್ಟು ಅಂಗಡಿ ಮುಂದೆ ಮಾತ್ರ. ಬೇರೆ ಕಡೆ ಇಳೀಬೇಕು ಅಂದ್ರೆ ಅಲ್ಲಿಂದ ದುಡ್ಡು ಕೊಡಬೇಕು.

ಇಂಟರ್ನೆಟ್ ಡಾಟ್ ಆರ್ಗ್ ಈ ಎರಡನೇ ಥರದ್ದು. ಶುರುವಿನಲ್ಲಿ ಮೂವತ್ತಕ್ಕೂ ಹೆಚ್ಚು ಸೈಟ್ ಇದ್ದವು. ಫೇಸ್‌ಬುಕ್ ಇತ್ತು, ವಿಕಿಪೀಡಿಯ ಇತ್ತು, ಹವಾಮಾನ, ಕ್ರಿಕೆಟ್, ಕೆಲಸದ ಜಾಹೀರಾತು ಎಲ್ಲ ಇದ್ದವು. ಗೂಗಲ್ ಇರಲಿಲ್ಲ, ಬಿಂಗ್ ಇತ್ತು. ಯೂಟ್ಯೂಬ್ ಇಲ್ಲ. ಬಿಂಗಿನಲ್ಲಿ ಹುಡುಕಿ, ಸಿಕ್ಕಿದ ಲಿಂಕ್ ಪಟ್ಟಿಯ ಹೊರಗಿನದಾದ್ರೆ ಡೇಟಾ ದುಡ್ಡು ಹೋಗ್ತಿತ್ತು. ವಿಡಿಯೊ ಇಲ್ಲ, ದೊಡ್ಡ ಫೋಟೊ ಇಲ್ಲ, ವಾಯ್ಸ್ ಕಾಲ್ ಇಲ್ಲ.

ಈ ಥರ ಕೆಲವು ಸೈಟಿಗಷ್ಟೇ ಡೇಟಾ ಲೆಕ್ಕ ಹಾಕದೆ ಬಿಡೋದಕ್ಕೆ ಜೀರೋ-ರೇಟಿಂಗ್ ಅಂತಾರೆ. ಎಲ್ಲ ಸೈಟನ್ನೂ ಕಂಪನಿ ಒಂದೇ ಥರ ನೋಡಬೇಕು ಅನ್ನೋ ತತ್ವ ನೆಟ್ ನ್ಯೂಟ್ರಾಲಿಟಿ. ಪತ್ರಿಕೆಗಳಲ್ಲಿ 'ಅಂತರ್ಜಾಲ ತಟಸ್ಥತೆ' ಅಂತ ಬರೀತಿದ್ರು. ಆ ಪದ ಓದಿದ್ರೆ ಇದೇನೋ ವಿದೇಶಾಂಗ ನೀತಿ ಅನ್ನಿಸುತ್ತೆ, ಹೋಗ್ಲಿ ಬಿಡ್ರಿ.

ಭಾಗ 4

ಜಗಳ ಶುರುವಾದದ್ದು ಫೇಸ್‌ಬುಕ್ಕಿನಿಂದ ಅಲ್ಲ, ಏರ್‌ಟೆಲ್‌ನಿಂದ.

2014ರ ಡಿಸೆಂಬರ್ ಕೊನೆಗೆ ಏರ್‌ಟೆಲ್ ಕಂಪನಿ, ಸ್ಕೈಪ್, ವೈಬರ್ ಥರದ ಇಂಟರ್ನೆಟ್ ಕಾಲ್‌ಗಳಿಗೆ ಬೇರೆ ರೇಟ್ ಹಾಕ್ತೀವಿ ಅಂತ ಹೇಳಿತು. ಜನ ಬೈದ ಮೇಲೆ ಒಂದೇ ವಾರದಲ್ಲಿ ಹಿಂದೆ ತಗೊಂಡಿತು. ಕಂಪನಿಗಳ ಸಂಕಟ ಏನು ಅಂದ್ರೆ, ವಾಟ್ಸ್ಆ್ಯಪ್ ಬಂದು ಮೆಸೇಜ್ ದುಡ್ಡು ಹೋಗಿತ್ತು, ಇನ್ನು ಕಾಲ್ ದುಡ್ಡೂ ಹೋಗುತ್ತೆ ಅನ್ನೋ ಭಯ. ಟವರ್ ಹಾಕೋರು ನಾವು, ಲೈಸೆನ್ಸ್ ಫೀ ಕಟ್ಟೋರು ನಾವು, ಲಾಭ ಮಾತ್ರ ಆ್ಯಪ್‌ನವರಿಗೆ ಅಂತ ಅವರ ವಾದ. ಕಾಮರ್ಸ್ ಓದೋರಿಗೆ ಇದು ತೀರಾ ಸುಳ್ಳು ಅನ್ನಿಸಲ್ಲ.

2015ರ ಮಾರ್ಚ್ 27ಕ್ಕೆ ಟ್ರಾಯ್, ಅಂದ್ರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಈ ಬಗ್ಗೆ ಜನ ಅಭಿಪ್ರಾಯ ಹೇಳ್ರಿ ಅಂತ ಒಂದು ದಾಖಲೆ ಬಿಟ್ಟಿತು. 118 ಪುಟ, 20 ಪ್ರಶ್ನೆ, ಇಂಗ್ಲಿಷಿನಲ್ಲಿ. ಯಾರು ಓದ್ತಾರೆ? ಸ್ವಯಂಸೇವಕರ ಗುಂಪೊಂದು 'ಸೇವ್ ದಿ ಇಂಟರ್ನೆಟ್' ಅನ್ನೋ ವೆಬ್‌ಸೈಟ್ ಮಾಡಿ, ಉತ್ತರ ಮೊದಲೇ ಬರೆದಿಟ್ಟು, ಒತ್ತಿದ್ರೆ ಟ್ರಾಯ್‌ಗೆ ಇಮೇಲ್ ಹೋಗೋ ಹಾಗೆ ಮಾಡಿತು. ಏಪ್ರಿಲ್ 11ಕ್ಕೆ ಎಐಬಿ ಹಾಸ್ಯ ತಂಡದ ವಿಡಿಯೊ ಬಂದ ಮೇಲೆ ಮೇಲ್‌ಗಳ ಮಳೆ. ಏಪ್ರಿಲ್ 24ರ ಗಡುವಿನೊಳಗೆ 10 ಲಕ್ಷ ದಾಟಿದವು.

ಅದೇ ಏಪ್ರಿಲ್ 6ಕ್ಕೆ ಏರ್‌ಟೆಲ್ ಮತ್ತೊಂದು ತಂದಿತ್ತು: 'ಏರ್‌ಟೆಲ್ ಜೀರೋ'. ಇದರಲ್ಲಿ ಆ್ಯಪ್ ಕಂಪನಿ ದುಡ್ಡು ಕಟ್ಟುತ್ತೆ, ಗ್ರಾಹಕನಿಗೆ ಆ ಆ್ಯಪ್ ಫ್ರೀ. ಇದಕ್ಕೆ ಸೇರೋಕೆ ಮಾತುಕತೆ ನಡೆಸಿದ್ದು ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್. ಜನ ಸಿಟ್ಟಿಗೆದ್ದು ಪ್ಲೇ ಸ್ಟೋರಿನಲ್ಲಿ ಒಂದೊಂದೇ ಸ್ಟಾರ್ ಕೊಡೋಕೆ ಶುರು ಮಾಡಿದ್ರು. ಏಪ್ರಿಲ್ 14, ಅಂಬೇಡ್ಕರ್ ಜಯಂತಿ ದಿನ, ಫ್ಲಿಪ್‌ಕಾರ್ಟ್ ಹಿಂದೆ ಸರಿಯಿತು. ಮಾರನೇ ದಿನ ಟಿಕೆಟ್ ಬುಕಿಂಗಿನ ಕ್ಲಿಯರ್‌ಟ್ರಿಪ್ ಇಂಟರ್ನೆಟ್ ಡಾಟ್ ಆರ್ಗ್‌ನಿಂದ ಹೊರಬಂತು.

ಫ್ಲಿಪ್‌ಕಾರ್ಟ್ ಶುರುವಾದದ್ದು ಇಬ್ಬರು ಹುಡುಗರು ಬೆಂಗಳೂರಿನಲ್ಲಿ ಪುಸ್ತಕ ಮಾರಿ. ಆವಾಗ ಯಾವುದೋ ದೊಡ್ಡ ಅಂಗಡಿಯ ಸೈಟ್ ಫ್ರೀ ಇದ್ದು ಇವರದಕ್ಕೆ ಡೇಟಾ ದುಡ್ಡು ಹೋಗ್ತಿದ್ರೆ ಇವರ ಸೈಟಿಗೆ ಯಾರು ಬರ್ತಿದ್ರು? ಮೇಲೆ ಹತ್ತಿದವರು ಏಣಿ ತೆಗೀತಿದ್ದಾರೆ ಅಂತ ಜನ ಬೈದದ್ದು ಅದಕ್ಕೇ.

ಒಂದು ತಮಾಷೆ ಸೇರಿಸ್ತೀನಿ. ಏಪ್ರಿಲ್ 27ಕ್ಕೆ ಟ್ರಾಯ್ ಬಂದ ಮೇಲ್‌ಗಳನ್ನೆಲ್ಲ ತನ್ನ ಸೈಟಿನಲ್ಲಿ ಹಾಕಿತು, ಕಳಿಸಿದವರ ಇಮೇಲ್ ವಿಳಾಸ ಸಮೇತ! ಇಂಟರ್ನೆಟ್ ಕಾಪಾಡೋಕೆ ಹೋದವರ ಇನ್‌ಬಾಕ್ಸ್ ಕಥೆ ನೀವೇ ಊಹಿಸ್ಕೊಳ್ರಿ.

ಭಾಗ 5

2015ರ ಸೆಪ್ಟೆಂಬರ್‌ಗೆ ಫೇಸ್‌ಬುಕ್ ಹೆಸರು ಬದಲಿಸಿತು. ಇಂಟರ್ನೆಟ್ ಡಾಟ್ ಆರ್ಗ್ ಆ್ಯಪ್ ಹೋಗಿ 'ಫ್ರೀ ಬೇಸಿಕ್ಸ್' ಆಯಿತು. ನವೆಂಬರ್ ಕೊನೆಗೆ ದೇಶದ ಎಲ್ಲ ರಿಲಯನ್ಸ್ ಗ್ರಾಹಕರಿಗೂ ಕೊಟ್ಟರು. ಕೊನೆಗೂ ನಮ್ಮ ದಂಡೆಗೂ ಬಂತು ಅಂತ ಖುಷಿಪಡೋ ಹೊತ್ತಿಗೆ, ಡಿಸೆಂಬರಿನಲ್ಲಿ ಟ್ರಾಯ್ 'ನಾವು ತೀರ್ಮಾನ ಹೇಳೋವರೆಗೆ ನಿಲ್ಲಿಸ್ರಿ' ಅಂತ ರಿಲಯನ್ಸ್‌ಗೆ ಹೇಳಿತು. ಕರ್ನಾಟಕದಲ್ಲಿ ಫ್ರೀ ಬೇಸಿಕ್ಸಿನ ಆಯುಸ್ಸು ಅಷ್ಟೇ.

ಡಿಸೆಂಬರ್ 9ಕ್ಕೆ ಟ್ರಾಯ್ ಎರಡನೇ ದಾಖಲೆ ಬಿಟ್ಟಿತು. ಈ ಸಲ ನಾಲ್ಕೇ ಪ್ರಶ್ನೆ. ಮುಖ್ಯವಾದದ್ದು ಇದು: ಬೇರೆ ಬೇರೆ ಸೈಟಿಗೆ ಬೇರೆ ಬೇರೆ ಡೇಟಾ ರೇಟ್ ಇಡಬಹುದಾ?

ಈಗ ಫೇಸ್‌ಬುಕ್ ಮೈದಾನಕ್ಕೆ ಇಳಿಯಿತು. ಪೇಪರಿನಲ್ಲಿ ಪುಟಗಟ್ಟಲೆ ಜಾಹೀರಾತು, ಊರೂರಿನಲ್ಲಿ ಹೋರ್ಡಿಂಗ್. ಫೇಸ್‌ಬುಕ್ ತೆರೆದ್ರೆ ನೋಟಿಫಿಕೇಶನ್: ಫ್ರೀ ಬೇಸಿಕ್ಸ್ ಉಳಿಸೋಕೆ ಟ್ರಾಯ್‌ಗೆ ಮೇಲ್ ಕಳಿಸ್ರಿ, ಇಲ್ಲಿ ಒತ್ರಿ. ಡಿಸೆಂಬರ್ 28ಕ್ಕೆ ಮಾರ್ಕ್ ಜುಕರ್‌ಬರ್ಗ್ ತಾನೇ ಟೈಮ್ಸ್ ಆಫ್ ಇಂಡಿಯಾದಲ್ಲಿ ಲೇಖನ ಬರೆದ. ಅದರಲ್ಲಿ ಮಹಾರಾಷ್ಟ್ರದ ಒಬ್ಬ ರೈತ ಬರ್ತಾನೆ, ಫ್ರೀ ಬೇಸಿಕ್ಸಿನಲ್ಲಿ ಹವಾಮಾನ ನೋಡಿ, ಬೆಲೆ ನೋಡಿ ಬೇಸಾಯ ಮಾಡೋ ರೈತ. ಜುಕರ್‌ಬರ್ಗ್ ಇದನ್ನು ಲೈಬ್ರರಿಗೆ ಹೋಲಿಸಿದ್ದ. ಸಾರ್ವಜನಿಕ ಗ್ರಂಥಾಲಯದಲ್ಲಿ ಜಗತ್ತಿನ ಎಲ್ಲ ಪುಸ್ತಕ ಇರಲ್ಲ, ಆದರೂ ಉಪಯೋಗ ಇಲ್ಲವೇ ಅಂತ.

ಹೋಲಿಕೆ ಕೇಳೋಕೆ ಚೆನ್ನಾಗಿದೆ. ಆದ್ರೆ ಊರಿನ ಗ್ರಂಥಾಲಯದಲ್ಲಿ ಯಾವ ಪುಸ್ತಕ ಇಡಬೇಕು ಅನ್ನೋದನ್ನು ಪುಸ್ತಕ ಮಾರೋ ಒಬ್ಬನೇ ಪ್ರಕಾಶಕ ನಿರ್ಧರಿಸಲ್ಲ. ನೀವು ಯಾವ ಪುಸ್ತಕ ಎಷ್ಟು ಹೊತ್ತು ಓದಿದ್ರಿ ಅಂತ ಬರ್ಕೊಂಡು ಜಾಹೀರಾತಿನವರಿಗೆ ಉಪಯೋಗ ಆಗೋ ಹಾಗೆ ಇಟ್ಕೊಳ್ಳಲ್ಲ.

ಭಾಗ 6

ಬೆಂಗಳೂರು ಈ ಜಗಳದಲ್ಲಿ ಮಧ್ಯದಲ್ಲೇ ಇತ್ತು. ಒಂದೇ ದನಿಯಲ್ಲೇನೂ ಇರಲಿಲ್ಲ.

ಐಐಟಿಗಳ ಪ್ರಾಧ್ಯಾಪಕರ ಜತೆ ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರೂ ಸೇರಿ ಫ್ರೀ ಬೇಸಿಕ್ಸ್ ಬೇಡ ಅಂತ ಜಂಟಿ ಹೇಳಿಕೆ ಕೊಟ್ಟರು. ಯಾವುದು 'ಬೇಸಿಕ್' ಅಂತ ನಿರ್ಧರಿಸೋ ಅಧಿಕಾರ ಒಂದು ಕಂಪನಿಗೆ ಹೋಗುತ್ತೆ, ಜನ ಏನು ಓದ್ತಾರೆ ಅನ್ನೋದೂ ಆ ಕಂಪನಿಯ ಕೈಗೆ ಸಿಗುತ್ತೆ ಅನ್ನೋದು ಅವರ ಮುಖ್ಯ ಆಕ್ಷೇಪ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಅನ್ನೋ ಸಂಘಟನೆ ಕಾಲೇಜು ಹುಡುಗ ಹುಡುಗಿಯರನ್ನು ಸೇರಿಸಿ ಬೀದಿಗಿಳಿದು ಪ್ರತಿಭಟನೆ ಮಾಡಿತು. ನಮ್ಮ ವಯಸ್ಸಿನವರೇ.

ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಅನ್ನೋ ಸಂಸ್ಥೆಯೂ ಆಗ ಬೆಂಗಳೂರಿನಲ್ಲಿತ್ತು. ಅವರ ನಿಲುವು ಸ್ವಲ್ಪ ಬೇರೆ. ಎಲ್ಲ ಜೀರೋ-ರೇಟಿಂಗೂ ಒಂದೇ ಥರ ಕೆಟ್ಟದ್ದಲ್ಲ, ಯಾವುದರಿಂದ ಹಾನಿ ಅಂತ ನೋಡಿ ನಿಯಮ ಮಾಡಬೇಕು ಅಂತ. ಆ ಗದ್ದಲದಲ್ಲಿ ಈ ಥರದ ಮಾತು ಕೇಳೋರು ಕಡಿಮೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಂದನ್ ನಿಲೇಕಣಿ ಮತ್ತು ವಿರಲ್ ಶಾ ಬರೆದ ಲೇಖನ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರು, ಆಧಾರ್ ತಂದವರು ಫ್ರೀ ಬೇಸಿಕ್ಸ್ ವಿರೋಧಿಸಿದ್ದು ಒಂದು ಸುದ್ದಿ. ಆದ್ರೆ ಅವರು ಬರೀ ಬೇಡ ಅನ್ನಲಿಲ್ಲ. ಗ್ಯಾಸ್ ಸಬ್ಸಿಡಿ ನೇರ ಬ್ಯಾಂಕ್ ಖಾತೆಗೆ ಬರುತ್ತಲ್ಲ, ಹಾಗೇ ಸರ್ಕಾರವೇ ಜನರಿಗೆ ಒಂದಿಷ್ಟು ಡೇಟಾ ಕೊಡಲಿ, ಯಾವ ಸೈಟ್ ನೋಡಬೇಕು ಅಂತ ಜನ ನೋಡ್ಕೊಳ್ಳಲಿ ಅಂದ್ರು. ಅಂದ್ರೆ ಶಕ್ತಿ ಬಸ್ಸಿನ ಲೆಕ್ಕ, ಅದಕ್ಕಿಂತ ಏಳು ವರ್ಷ ಮೊದಲು. ಯಾರೂ ಮುಂದುವರಿಸಲಿಲ್ಲ. ಈ ಮಾತು ನೆನಪಿಟ್ಕೊಳ್ರಿ, ಕೊನೆಗೆ ಬೇಕಾಗುತ್ತೆ.

ಭಾಗ 7

ಗಡುವು ಜನವರಿ 7ಕ್ಕೆ ಮುಗಿಯಿತು. ಟ್ರಾಯ್‌ಗೆ ಬಂದ ಪ್ರತಿಕ್ರಿಯೆ 24 ಲಕ್ಷದಷ್ಟು. ಅದರಲ್ಲಿ 18 ಲಕ್ಷಕ್ಕೂ ಹೆಚ್ಚು ಫ್ರೀ ಬೇಸಿಕ್ಸ್ ಪರ!

ಓಟ್ ಲೆಕ್ಕ ಆದ್ರೆ ಫೇಸ್‌ಬುಕ್ ಗೆದ್ದಿತ್ತು. ಟ್ರಾಯ್ ಹೇಳಿದ್ದು, ನಾವು ಕೇಳಿದ್ದು ನಾಲ್ಕು ಪ್ರಶ್ನೆ, ಈ ಮೇಲ್‌ಗಳಲ್ಲಿ ಒಂದಕ್ಕೂ ಉತ್ತರ ಇಲ್ಲ. ಚರ್ಚೆಗೆ ಕರೆದದ್ದನ್ನು ಫೇಸ್‌ಬುಕ್ ಮೊದಲೇ ಹೊಂದಿಸಿಟ್ಟ ಜನಮತ ಎಣಿಕೆ ಮಾಡಿಬಿಟ್ಟಿದೆ ಅಂತ ಜನವರಿಯಲ್ಲಿ ಖಾರವಾಗಿಯೇ ಪತ್ರ ಬರೆಯಿತು.

ಇಲ್ಲಿ ನಾನೊಂದು ಮಾತು ಹೇಳಲೇಬೇಕು. ಏಪ್ರಿಲ್‌ನಲ್ಲಿ ಬಂದ 10 ಲಕ್ಷ ಮೇಲ್‌ಗಳೂ ಬಹುಪಾಲು ಯಾರೋ ಬರೆದಿಟ್ಟದ್ದನ್ನು ಒತ್ತಿ ಕಳಿಸಿದವೇ. ಅವಕ್ಕೆ ಪ್ರಶ್ನೆಗೆ ಉತ್ತರ ಇತ್ತು, ಇವಕ್ಕೆ ಇರಲಿಲ್ಲ, ಆ ವ್ಯತ್ಯಾಸ ನಿಜ. ಆದರೂ ಎರಡೂ ಕಡೆ ಒತ್ತಿದವರು ಆಗಲೇ ಇಂಟರ್ನೆಟ್ ಇದ್ದವರು. ಇಂಟರ್ನೆಟ್ ಇಲ್ಲದವನಿಗೆ ಇಂಟರ್ನೆಟ್ ಹೇಗೆ ಕೊಡಬೇಕು ಅಂತ ಇಂಗ್ಲಿಷಿನಲ್ಲಿ ಇಮೇಲ್‌ನಲ್ಲಿ ಕೇಳಿದ್ರೆ ಅವನು ಉತ್ತರ ಕೊಡೋದು ಹೇಗೆ? ಜುಕರ್‌ಬರ್ಗ್ ರೈತನ ಹೆಸರು ಹೇಳಿದ, ಇವರೂ ಬಡವರ ಹೆಸರು ಹೇಳಿದ್ರು. ಜನವರಿಯಲ್ಲಿ ಟ್ರಾಯ್ ಬಹಿರಂಗ ಚರ್ಚೆ ಇಟ್ಟದ್ದು ದೆಹಲಿಯಲ್ಲಿ. ಸಿರವಾರದಿಂದ ಯಾರು ಹೋಗ್ತಾರೆ?

2016ರ ಫೆಬ್ರವರಿ 8ಕ್ಕೆ ತೀರ್ಪಿನ ಥರ ನಿಯಮ ಬಂತು. ಆಗ ಟ್ರಾಯ್ ಅಧ್ಯಕ್ಷರು ಆರ್. ಎಸ್. ಶರ್ಮಾ. ಯಾವ ಸೈಟ್, ಯಾವ ಆ್ಯಪ್ ಅಂತ ನೋಡಿ ಡೇಟಾಗೆ ಬೇರೆ ಬೇರೆ ರೇಟ್ ಹಾಕುವ ಹಾಗಿಲ್ಲ. ಮೀರಿದ್ರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದ್ರೆ 50 ಲಕ್ಷ. ತುರ್ತು ಸೇವೆಗೆ ವಿನಾಯಿತಿ ಇತ್ತು.

ಎರಡು ದಿನ ಬಿಟ್ಟು ಫೇಸ್‌ಬುಕ್ ನಿರ್ದೇಶಕ ಮಂಡಳಿಯಲ್ಲಿದ್ದ ಮಾರ್ಕ್ ಆಂಡ್ರೀಸನ್ ಟ್ವೀಟ್ ಮಾಡಿ, ವಸಾಹತು ವಿರೋಧಿ ಮನಸ್ಸಿನಿಂದ ಭಾರತೀಯರಿಗೆ ದಶಕಗಳಿಂದ ಆರ್ಥಿಕವಾಗಿ ಹಾಳೇ ಆಗಿದೆ ಅನ್ನೋ ಅರ್ಥದಲ್ಲಿ ಮಾತಾಡಿದ. ಬ್ರಿಟಿಷರು ಇದ್ದಿದ್ರೇ ಚೆನ್ನಾಗಿತ್ತು ಅಂದ ಹಾಗಾಯ್ತು. ಜುಕರ್‌ಬರ್ಗೇ ಅದನ್ನು ಖಂಡಿಸಬೇಕಾಯಿತು. ಫೆಬ್ರವರಿ 11ಕ್ಕೆ ಫ್ರೀ ಬೇಸಿಕ್ಸ್ ಭಾರತದಿಂದ ಹೋಯಿತು. ಶುರುವಾಗಿ ಒಂದು ವರ್ಷ ಒಂದು ದಿನ.

ಭಾಗ 8

ಹಿಂದಿನ ಪೋಸ್ಟಿನ ಕೆಳಗೆ ಕೆಲವರು ಕೇಳಿದ್ದು: 'ಏನೂ ಇಲ್ಲದ್ದಕ್ಕಿಂತ ಮೂವತ್ತು ಸೈಟ್ ಸಿಕ್ರೆ ಆಗ್ತಿರಲಿಲ್ವಾ?' ನ್ಯಾಯವಾದ ಪ್ರಶ್ನೆ.

ನಮ್ಮ ಕಡೆಯವರಿಗೆ ಎಡದಂಡೆ ನಾಲೆ ಗೊತ್ತು. ನೀರು ಬಿಡೋದು ಮುನಿರಾಬಾದಿನ ಡ್ಯಾಮಿನಿಂದ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿಗೆ ಬರೋ ಹೊತ್ತಿಗೆ ಎಷ್ಟು ಉಳಿದಿರುತ್ತೆ? 104ನೇ ಮೈಲಿಯಲ್ಲಿ ಗೇಜ್ ಇಳಿದಾಗಲೆಲ್ಲ ರೈತರು ರಸ್ತೆಗೆ ಬರೋದು ನಾವು ಹುಟ್ಟಿದಾಗಿನಿಂದ ನೋಡಿದ್ದೀವಿ. ಕೊನೆ ಭಾಗದವನಿಗೆ ಗೊತ್ತಿರೋದು ಒಂದೇ, ಗೇಟ್ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಅವನ ಬೆಳೆ ನಿಂತಿದೆ.

ಫ್ರೀ ಬೇಸಿಕ್ಸಿನಲ್ಲಿ ಗೇಟ್ ಫೇಸ್‌ಬುಕ್ ಕೈಯಲ್ಲಿತ್ತು. ಪಟ್ಟಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು ಅಂತ ಆಮೇಲೆ ಹೇಳಿದ್ರು. ಷರತ್ತುಗಳನ್ನು ಬರೆದವರು ಅವರೇ, ಬದಲಿಸೋರೂ ಅವರೇ.

ಈ ಹೋಲಿಕೆಗೂ ಒಂದು ತೊಡಕಿದೆ, ಮುಚ್ಚಿಡಲ್ಲ. ಎಡದಂಡೆ ಯೋಜನೆ ಮಾಡಿದಾಗ ಬಹುಪಾಲು ಜಮೀನಿಗೆ ಜೋಳ, ಹತ್ತಿ ಥರದ ಅರೆನೀರಾವರಿ ಬೆಳೆ ಅಂತಲೇ ಲೆಕ್ಕ ಹಾಕಿದ್ದು. ಮೇಲ್ಭಾಗದಲ್ಲಿ ಭತ್ತ ಹಾಕಿದ್ದಕ್ಕೇ ಕೆಳಗೆ ನೀರಿಲ್ಲ. ಅಂದ್ರೆ ನಾಲೆಯಲ್ಲಿ 'ಇಂಥ ಬೆಳೆಗೆ ಮಾತ್ರ ನೀರು' ಅನ್ನೋ ಪಟ್ಟಿ ಇದ್ದದ್ದು ಕೊನೆಯವನಿಗೂ ಮುಟ್ಟಲಿ ಅಂತ. ಪಟ್ಟಿ ಅಂದ ಕೂಡಲೇ ಕೆಟ್ಟದ್ದು ಅಂತ ಅನ್ನೋಕಾಗಲ್ಲ. ಆ ಪಟ್ಟಿ ಸರ್ಕಾರದ್ದು, ತಪ್ಪಿದ್ರೆ ಎಂಎಲ್‌ಎ ಮನೆ ಮುಂದೆ ಕೂರಬಹುದು, ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಗಲಾಟೆ ಮಾಡಬಹುದು. ಫೇಸ್‌ಬುಕ್ಕಿನ ಪಟ್ಟಿಯಲ್ಲಿ ಕನ್ನಡ ಯಾಕಿಲ್ಲ ಅಂತ ಕೇಳೋಕೆ ಯಾರ ಮನೆ ಮುಂದೆ ಕೂರೋದು?

ನನ್ನ ಉತ್ತರ ಇದು. ಮೂವತ್ತು ಸೈಟ್ ಸಿಕ್ಕಿದ್ರೆ ಕೆಲವರಿಗೆ ಖಂಡಿತ ಉಪಯೋಗ ಆಗ್ತಿತ್ತು. ಆದ್ರೆ ಆರಂಭದ ಪಟ್ಟಿಯಲ್ಲೇ ಹೊರಗಿದ್ದ ಭಾಷೆಯವರಾಗಿ ನಾವು ಅದರ ಪರ ನಿಲ್ಲೋದು ಕಷ್ಟ.

ಭಾಗ 9

2016ರ ಸೆಪ್ಟೆಂಬರ್ 5. ಜಿಯೋ.

ಮೊದಲು ಒಂದು ಗೊಂದಲ ಬಿಡಿಸ್ತೀನಿ. ಫ್ರೀ ಬೇಸಿಕ್ಸ್ ಕೊಟ್ಟ ರಿಲಯನ್ಸ್ ತಮ್ಮ ಅನಿಲ್ ಅಂಬಾನಿಯದ್ದು. ಜಿಯೋ ಅಣ್ಣ ಮುಕೇಶ್ ಅಂಬಾನಿಯದ್ದು. ತಮ್ಮನ ಕಂಪನಿ ಮೂವತ್ತು ಸೈಟ್ ಫ್ರೀ ಕೊಡೋಕೆ ಹೋಗಿ ನಿಂತಿತು. ಅಣ್ಣ ಬಂದವನೇ ಇಡೀ ಇಂಟರ್ನೆಟ್ ಫ್ರೀ ಕೊಟ್ಟ. ಡಿಸೆಂಬರ್ ಕೊನೆಯವರೆಗೆ ಅಂದದ್ದು ಮಾರ್ಚ್ 2017ರವರೆಗೆ ಎಳೆಯಿತು. ಆಮೇಲೆ ಏಪ್ರಿಲ್‌ನಲ್ಲಿ 309 ರೂಪಾಯಿಗೆ 84 ದಿನ, ದಿನಕ್ಕೆ 1 ಜಿಬಿ. ಕ್ಯಾಲ್ಕ್ಯುಲೇಟರ್ ತಗೊಳ್ರಿ: ಜಿಬಿಗೆ ನಾಲ್ಕು ರೂಪಾಯಿಯೂ ಬೀಳಲ್ಲ. ಎರಡು ವರ್ಷದ ಹಿಂದೆ 250.

ಎಲ್ಲ ಸೈಟಿಗೂ ಒಂದೇ ರೇಟು, ಅದು ಸೊನ್ನೆ. ಹಾಗಾಗಿ ಟ್ರಾಯ್ ನಿಯಮ ಮೀರಿದ ಹಾಗಾಗಲಿಲ್ಲ. ಏರ್‌ಟೆಲ್ ಸ್ಪರ್ಧಾ ಆಯೋಗಕ್ಕೆ ಹೋಯಿತು, ಇದು ಎದುರಾಳಿಗಳನ್ನು ಮುಗಿಸೋ ಬೆಲೆ, ಪ್ರಿಡೇಟರಿ ಪ್ರೈಸಿಂಗ್ ಅಂತ. 2017ರ ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ಕಾರಣ, ಸ್ಪರ್ಧಾ ಕಾಯ್ದೆಯ ಸೆಕ್ಷನ್ 4 ಹಿಡಿಯೋದು ಮಾರುಕಟ್ಟೆಯಲ್ಲಿ ಆಗಲೇ ಪ್ರಬಲ ಸ್ಥಾನದಲ್ಲಿರೋ ಕಂಪನಿಯನ್ನು, ಜಿಯೋ ಹೊಸದಾಗಿ ಬಂದದ್ದು. (ಬಿಕಾಂ ದೋಸ್ತರೇ, ಇದು ಪರೀಕ್ಷೆಗೂ ಬರಬಹುದು.) ಹೊಸಬ ಫ್ರೀ ಕೊಟ್ಟು ದೊಡ್ಡವನಾಗಬಹುದು, ದೊಡ್ಡವನಾದ ಮೇಲೆ ಫ್ರೀ ಬೇಕಾಗೋದೇ ಇಲ್ಲ. 2017ರ ಡಿಸೆಂಬರ್‌ಗೆ ತಮ್ಮನ ಕಂಪನಿಯ ಕಾಲ್ ಸೇವೆಯೇ ಮುಚ್ಚಿತು.

ಫ್ರೀ ಬೇಸಿಕ್ಸ್ ವಿರೋಧಿಸಿದವರು ಒಂದು ಭಯ ಹೇಳ್ತಿದ್ರು. ಜನ ಫೇಸ್‌ಬುಕ್ಕನ್ನೇ ಇಂಟರ್ನೆಟ್ ಅಂದ್ಕೊಳ್ತಾರೆ ಅಂತ. ಮ್ಯಾನ್ಮಾರ್‌ನಲ್ಲಿ ಸುಮಾರು ಹಾಗೇ ಆಯಿತು, ಅಲ್ಲಿ ಹರಡಿದ ದ್ವೇಷ ತಡೆಯೋಕೆ ತಾನು ಸಾಕಷ್ಟು ಮಾಡಲಿಲ್ಲ ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ನಮ್ಮಲ್ಲಿ ಕಾನೂನು ಗೆದ್ದಿತ್ತು, ಇಡೀ ಇಂಟರ್ನೆಟ್ ತೆರೆದಿತ್ತು. ಆದರೂ ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಇಂಟರ್ನೆಟ್ ಅಂದ್ರೆ ವಾಟ್ಸ್ಆ್ಯಪ್ ಮತ್ತು ಯೂಟ್ಯೂಬ್. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನೋ ವಾಟ್ಸ್ಆ್ಯಪ್ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಾಡೋದನ್ನು ಐದು ಜನಕ್ಕೆ ಇಳಿಸಿತು. ಮುರ್ಕಿ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇದೆ. ಇದನ್ನು ಬಿಟ್ಟು ನೆಟ್ ನ್ಯೂಟ್ರಾಲಿಟಿ ಗೆದ್ದ ಕಥೆ ಹೇಳಿದ್ರೆ ಅರ್ಧ ಕಥೆ.

ಭಾಗ 10 (ಕೊನೆಯದು)

2020ರ ಏಪ್ರಿಲ್ 22. ಲಾಕ್‌ಡೌನ್. ಫೇಸ್‌ಬುಕ್ ಕಂಪನಿ 43,574 ಕೋಟಿ ರೂಪಾಯಿ ಕೊಟ್ಟು ಜಿಯೋ ಪ್ಲಾಟ್‌ಫಾರ್ಮ್ಸಿನ 9.99% ಪಾಲು ಕೊಂಡಿತು. ತಮ್ಮನ ಜತೆ ಬಂದು ಬಾಗಿಲಲ್ಲಿ ನಿಂತಿದ್ದ ಫೇಸ್‌ಬುಕ್ ಅಣ್ಣನ ಮನೆಯಲ್ಲಿ ಪಾಲುದಾರ ಆಯಿತು. ಆದ್ರೆ ಟ್ರಾಯ್ ನಿಯಮ ಹಾಗೇ ಇದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ನೆಟ್ ನ್ಯೂಟ್ರಾಲಿಟಿ ಒಪ್ಪಿಕೊಂಡಿತು. ಹಾಗಾಗಿ ಫೇಸ್‌ಬುಕ್ಕಿಗೆ ಅಲ್ಲಿ ಪಾಲು ಇದ್ದರೂ ಜಿಯೋ ಸಿಮ್ಮಿನಲ್ಲಿ ಇನ್‌ಸ್ಟಾಗ್ರಾಮಿಗೆ ಒಂದು ರೇಟು, ಪ್ರಜಾವಾಣಿ ಸೈಟಿಗೆ ಇನ್ನೊಂದು ರೇಟು ಅಂತ ಮಾಡೋಕಾಗಲ್ಲ. ಆ ಜಗಳದಿಂದ ನಮಗೆ ಉಳಿದದ್ದು ಇದು. ಸಣ್ಣದಲ್ಲ.

ಬೆಲೆ ಬಗ್ಗೆ ಮಾತ್ರ ಆ ನಿಯಮ ಏನೂ ಹೇಳಲ್ಲ. ಎಲ್ಲ ಸೈಟಿಗೂ ಸಮ ಇರಬೇಕು ಅಷ್ಟೇ, ಸಮವಾಗಿ ದುಬಾರಿ ಆದ್ರೂ ನಡೆಯುತ್ತೆ. ಅದೇ 2020ರಲ್ಲಿ ನಾವು ಹತ್ತನೇ ಕ್ಲಾಸು. ಯಾರ ಮನೆಯಲ್ಲಿ ಒಂದೇ ಫೋನ್ ಇತ್ತು, ಅದು ಅಪ್ಪನ ಜತೆ ಹೊಲಕ್ಕೆ ಹೋಗ್ತಿತ್ತು, ಯಾರು ಚಂದನ ಟಿವಿ ಪಾಠದ ಮೇಲೆ ಪರೀಕ್ಷೆ ಬರೆದ್ರು ಅಂತ ನಿಮಗೇ ಗೊತ್ತು. ಇಂಟರ್ನೆಟ್ ತೆರೆದೇ ಇತ್ತು. ರೀಚಾರ್ಜ್ ಇರಲಿಲ್ಲ.

ನಿಲೇಕಣಿ ಮಾತು ನೆನಪಿಟ್ಕೊಳ್ರಿ ಅಂದಿದ್ದೆ. 'ಜನರಿಗೆ ಡೇಟಾ ಕೊಡ್ರಿ, ಸೈಟ್ ಪಟ್ಟಿ ಕೊಡಬೇಡ್ರಿ' ಅಂತ ಇದ್ದ ಅರ್ಧ ಭಾಗ ಅದು. ಪಟ್ಟಿ ಬೇಡ ಅನ್ನೋದು ಕಾನೂನು ಆಯಿತು. ಡೇಟಾ ಕೊಡೋದು ಜಿಯೋ ಕೊಟ್ಟಾಯ್ತಲ್ಲ ಅಂತ ಎಲ್ಲರೂ ಮರೆತರು.

2024ರ ಜುಲೈ 3ಕ್ಕೆ ಕಂಪನಿಗಳು ರೇಟ್ ಏರಿಸಿದವು. ಜಿಯೋದ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ 239ರಿಂದ 299 ಆಯಿತು. ಅದು ತಿಂಗಳ ಪ್ಯಾಕ್ ಅಲ್ಲ, 28 ದಿನದ್ದು. 365ನ್ನು 28ರಿಂದ ಭಾಗಿಸ್ರಿ, ವರ್ಷಕ್ಕೆ 13 ರೀಚಾರ್ಜ್. 299 ಗುಣಿಸು 13, ಒಂದು ಫೋನಿಗೆ 3,887 ರೂಪಾಯಿ. ಮನೆಯಲ್ಲಿ ನಾಲ್ಕು ಫೋನ್ ಅಂದ್ರೆ 15,548. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ಇತ್ತು. ಅಂದ್ರೆ ನಾಲ್ಕು ಫೋನ್ ನಡೀಬೇಕು ಅಂದ್ರೆ ಆ ಕೂಲಿಯಲ್ಲಿ 42 ದಿನ ಮಣ್ಣು ಹೊರಬೇಕಿತ್ತು. ಆಗ ಖಾತ್ರಿಯಲ್ಲಿ ಒಂದು ಮನೆಗೆ ವರ್ಷಕ್ಕೆ ಸಿಗ್ತಿದ್ದದ್ದು 100 ದಿನ, ಅದೂ ಪೂರ್ತಿ ಸಿಕ್ರೆ.

ನಿಮ್ಮ ಮನೆ ಲೆಕ್ಕ ಎಷ್ಟು ಬರುತ್ತೆ, ಫೋನ್ ಎಷ್ಟು, ಪ್ಯಾಕ್ ಯಾವುದು, ಕಾಮೆಂಟಿನಲ್ಲಿ ಹಾಕ್ರಿ. ನೀರಮಾನ್ವಿಯಿಂದ ಶುರು ಮಾಡಿ ತಾಲೂಕಿನ ಒಂದಿಷ್ಟು ಊರಿನ ಲೆಕ್ಕ ಸಿಕ್ರೆ ಒಂದು ಪಟ್ಟಿ ಮಾಡೋಣ. ಈ ಸಲ ಪಟ್ಟಿ ನಾವೇ ಬರೆಯೋದು.

#ನೀರಮಾನ್ವಿ #ಮಾನ್ವಿ #ರಾಯಚೂರು #ದೇವದುರ್ಗ #ಕಲ್ಯಾಣಕರ್ನಾಟಕ #ಫ್ರೀಬೇಸಿಕ್ಸ್ #ಬಿಕಾಂದೋಸ್ತರು